ಬಿಳಿ ಉಣ್ಣೆಯ ಮನೆ

ಇನ್ನೆಷ್ಟು ದಿನ ಹೀಗೆ ಮುಚ್ಚಿಡಲಾದೀತು ಎಂಬುದೇ ಹಂಜಾಳ ಚಿಂತೆಯಾಗಿತ್ತು. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ, ಹೇಳಿದರೂ ನಕ್ಕಾರು. ಒಂದು ಹಿಡಿ ಕೂದಲಿನ ಚಿಂತೆ ಅದು.

ಅಂಗಳದ ಖೇಜ್ಡಿ ಮರದ ಕೆಳಗೆ ಉಣ್ಣೆ ಬಿಡಿಸುತ್ತ ಕೂತಾಗ ಬಿಳಿಯ ನಡುವೆ ಒಂದು ಕಪ್ಪು ಎಳೆ ಕಂಡರೆ ಸಾಕು, ಅವಳ ಬೆರಳು ಅದನ್ನು ಮೆಲ್ಲಗೆ ಕಿತ್ತು ಘಾಗ್ರಾದ ಮಡಿಕೆಯೊಳಗೆ ಸೇರಿಸಿಬಿಡುತ್ತಿತ್ತು. ಮೊದಮೊದಲು ಅಲ್ಲೊಂದು ಇಲ್ಲೊಂದು. ಈಗೀಗ ಸಂಜೆಯ ಹೊತ್ತಿಗೆ ಮುಷ್ಟಿ ತುಂಬುತ್ತಿತ್ತು. ಒಲೆಗೆ ಹಾಕಿದರೆ ಸುಟ್ಟ ಕೂದಲಿನ ವಾಸನೆ ಮನೆಯೆಲ್ಲ ಹರಡುತ್ತದೆ. ಮುಳ್ಳಿನ ಬೇಲಿಯಾಚೆ ಮರಳಲ್ಲಿ ಹೂತರೆ ಚೈತ್ರದ ಗಾಳಿ ಬೆಳಗಾಗುವುದರೊಳಗೆ ಹೊರಗೆಳೆದು ತೋರಿಸುತ್ತದೆ. ಕೊನೆಗೆ ತನ್ನ ಹಳೆಯ ದಿಂಬಿನ ಹೊಲಿಗೆ ಬಿಚ್ಚಿ ಅದರೊಳಗೆ ತುರುಕತೊಡಗಿದ್ದಳು. ದಿಂಬು ದಿನದಿನಕ್ಕೆ ದಪ್ಪವಾಗುತ್ತಿತ್ತು.

"ಹಂಜಾ, ಏನ್ ಹುಡುಕಾಕತ್ತಿ ಅಷ್ಟು ಹೊತ್ತಿನಿಂದ? ಹೇನ?" ಎಂದಳು ದಾದಿ, ಹಂಜಾಳ ಅಜ್ಜಿ. ಅವಳಿಗೆ ಒಂದು ಕಣ್ಣು ಮಂಜು, ಇನ್ನೊಂದು ಕಣ್ಣು ಹದ್ದು.

"ಮುಳ್ಳು, ದಾದಿ."

"ಮುಳ್ಳು ತೆಗ್ಯಾಕ ನಿಮ್ಮವ್ವ ಅದಾಳ. ನೀ ಬಣ್ಣ ನೋಡಿ ಬ್ಯಾರೆ ಮಾಡು ಅಂದ್ರ… ಇಷ್ಟು ವರ್ಷ ಓದಿಸಿದ್ವಿ, ಬಿ.ಎ. ಆತು, ಬಾಯಿ ಮಾತ್ರ ಅಲ್ಲೇ ಬೀಕಾನೇರಿನ ಕಾಲೇಜಿನ್ಯಾಗ ಒತ್ತಿ ಇಟ್ಟು ಬಂದಾಳ."

ಮಾ ನಗಲಿಲ್ಲ. ಅವಳ ಹೆಸರು ಸುಗನಿ. ತಲೆ ತಗ್ಗಿಸಿಕೊಂಡು ಭುರಟ್ ಹುಲ್ಲಿನ ಮುಳ್ಳುಗಳನ್ನು ಉಣ್ಣೆಯಿಂದ ಬಿಡಿಸುತ್ತಲೇ ಇದ್ದಳು. ಕುರಿ ಎಲ್ಲಿ ಮೇಯ್ದರೂ ಆ ಮುಳ್ಳು ಅಂಟಿಕೊಂಡು ಬರುತ್ತದೆ. ಅದನ್ನು ಕಿತ್ತು ಕಿತ್ತು ಮನೆಯ ಹೆಂಗಸರ ಬೆರಳ ತುದಿ ಚೈತ್ರದುದ್ದಕ್ಕೂ ರಕ್ತದ ಚುಕ್ಕೆ ಚುಕ್ಕೆ.

ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಹೋಳಿಯಾದ ಮೇಲೆ ಮುಗಿದಿತ್ತು. ಸುತ್ತಲ ಢಾಣಿಗಳ, ಆ ಪುಟ್ಟ ಹಟ್ಟಿಗಳ, ಗಂಡಸರೆಲ್ಲ ತಂತಮ್ಮ ಕತ್ತರಿ ಹಿಡಿದು ಬಂದು, ಹಾಡುತ್ತ ಕತ್ತರಿಸಿ, ಬೆಲ್ಲ ತುಪ್ಪದ ಲಾಪ್ಸಿ ಉಂಡು ಹೋಗಿದ್ದರು. ಕೂಲಿಯ ಮಾತಿಲ್ಲ, ಇಂದು ಇವರ ಮನೆಗೆ ಅವರು, ನಾಳೆ ಅವರ ಮನೆಗೆ ಇವರು. ಹಂಜಾಳ ಬಾಪೂ, ಅಪ್ಪ ವಗತಾರಾಮನ ಮನೆಗೆ ಜನ ಒಂದು ಗಳಿಗೆ ಮುಂಚೆಯೇ ಬರುತ್ತಿದ್ದರು. ಸುತ್ತಿನಲ್ಲೆಲ್ಲ ಅದು 'ಬಿಳಿ ಉಣ್ಣೆಯ ಮನೆ'. ಮಗ್ರಾ ತಳಿಯ ಕುರಿಯ ಚೈತ್ರದ ಉಣ್ಣೆಯನ್ನು ಬಿಸಿಲಿಗೆ ಹಿಡಿದರೆ ರೇಷ್ಮೆಯಂತೆ ಮಿಂಚುವುದು ಎಲ್ಲರಿಗೂ ಗೊತ್ತಿದ್ದದ್ದೇ, ಆದರೆ ವಗತಾರಾಮನ ಹಿಂಡಿನದು ಮಿಂಚಿದಂತೆ ಬೇರೆ ಯಾರದೂ ಮಿಂಚುತ್ತಿರಲಿಲ್ಲ. ಅವನ ಅಪ್ಪನ ಕಾಲದಿಂದಲೂ ಒಂದು ಕಟ್ಟಳೆ ನಡೆದು ಬಂದಿತ್ತು. ಕಂದು ಮಚ್ಚೆಯ ಮರಿ ಹುಟ್ಟಿದರೆ ಹಾಲು ಬಿಡುವ ಮೊದಲೇ ಮಾಂಸದವರ ಪಾಲು. ಮರುಕವಿಲ್ಲ, ಚೌಕಾಸಿಯಿಲ್ಲ.

ಆ ಕಟ್ಟಳೆಯನ್ನು ಮುರಿದವನು ಖೇತಾ. ಹಂಜಾಳ ಅಣ್ಣ. ಕಂದು ಮುಖದ, ಕತ್ತಿನ ಸುತ್ತ ಮಸಿ ಬಳಿದಂತಿದ್ದ ಒಂದು ಗಂಡು ಮರಿಯನ್ನು ಮಾಂಸದವನು ಬರುವ ದಿನ ಬಚ್ಚಿಟ್ಟ. ಅಪ್ಪ ಕೋಲು ಹಿಡಿದು ಹುಡುಕುವಾಗ ಅದು ಅವನ ರಜಾಯಿಯೊಳಗಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ಆ ಮರಿ ಹಳೆಯ ಮರಳ ಬಾವಿಗೆ ಬಿತ್ತು. ಖೇತಾ ಹಗ್ಗ ಹಿಡಿದು ಇಳಿದ. ಮೊದಲು ಮರಿಯನ್ನು ಬುಟ್ಟಿಯಲ್ಲಿ ಕಟ್ಟಿ ಮೇಲೆ ಕಳಿಸಿದ. ಬುಟ್ಟಿ ದಡಕ್ಕೆ ಬಂದು ಮುಟ್ಟಿತು, ಬಾವಿಯ ಗೋಡೆ ಕುಸಿಯಿತು. ಮರಿ ಬಂತು, ಖೇತಾ ಬರಲಿಲ್ಲ.

ಮಾ ತನ್ನ ಬೆಳ್ಳಿಯ ಕಾಲುಂಗುರ ಕರಗಿಸಿ ಒಂದು ಓಲೆ ಮಾಡಿಸಿ, ಭೈರೂನ ಗುಡಿಯ ಪೂಜಾರಿ ಭೋಪಾನ ಕೈಯಿಂದ ಮರಿಯ ಕಿವಿಗೆ ಹಾಕಿಸಿದಳು. ಅಂದಿನಿಂದ ಅದು ಅಮರಿಯಾ. ದೇವರಿಗೆ ಬಿಟ್ಟ ಟಗರು. ಅದನ್ನು ಮಾರುವಂತಿಲ್ಲ, ಕೊಲ್ಲುವಂತಿಲ್ಲ, ಬೀಜ ಒಡೆಸುವಂತಿಲ್ಲ, ಕತ್ತಿಗೆ ಹಗ್ಗ ಹಾಕುವಂತಿಲ್ಲ. ಹಿಟ್ಟಿನ ಮಡಕೆಗೆ ಬಾಯಿ ಹಾಕಿದರೂ "ಹೋಗಪ್ಪಾ" ಎನ್ನಬೇಕೇ ಹೊರತು ಹೊಡೆಯುವಂತಿಲ್ಲ.

"ಈ ಮನ್ಯಾಗ ಅಳಿಯ ಬಂದ್ರೂ ಇಷ್ಟು ಮರ್ಯಾದಿ ಸಿಗೂದಿಲ್ಲ," ಎನ್ನುತ್ತಿದ್ದ ದೂದಾ ಕಾಕಾ. ವಗತಾರಾಮನ ತಮ್ಮ ಅವನು, ಅವನ ಮೋಟಾರ್ ಸೈಕಲ್ಲಿನ ಕನ್ನಡಿಯನ್ನು ಅಮರಿಯಾ ಎರಡು ಸಲ ಗುದ್ದಿ ಒಡೆದಿತ್ತು. "ಹಂಜಾನ ಮದವಿ ಮಾಡೂಮುಂದ ವರಗ ಮೊದಲ ಹೇಳಿಬಿಡ್ರಿ. ಈ ಮನ್ಯಾಗ ಹಿರೀ ಅಳಿಯ ಇಂವ, ನೀನು ಎರಡನೆಯಾಂವ ಅಂತ."

ಅಮರಿಯಾ ದೊಡ್ಡದಾಯಿತು, ಹಿಂಡಿನಲ್ಲಿ ಬೆರೆಯಿತು. ಅದರ ಮರಿಗಳು ನೋಡಲು ಬೆಳ್ಳಗೇ ಇದ್ದವು. ಆದರೆ ಉಣ್ಣೆ ಬೆಳೆದ ಮೇಲೆ ಒಳಗೆ ಅಲ್ಲಲ್ಲಿ ಕಪ್ಪು ಎಳೆ. ಮೇಲಿಂದ ಕಾಣದು, ಬೆರಳಿಂದ ಸೀಳಿದರೆ ಕಾಣುತ್ತದೆ. ಹಂಜಾಳ ದಿಂಬು ದಪ್ಪವಾಗುತ್ತಿದ್ದದ್ದು ಅದರಿಂದ.

ಉಣ್ಣೆ ವ್ಯಾಪಾರಿ ಆಸ್‌ಕರಣ್ ಸೇಠ್ ಬೀಕಾನೇರಿನಿಂದ ತನ್ನ ಜೀಪಿನಲ್ಲಿ ಬಂದ ದಿನ ಬಾಪೂ ಕೆಂಪು ಪೇಟವನ್ನು ಹೊಸದಾಗಿ ಸುತ್ತಿಕೊಂಡಿದ್ದ. ಎಷ್ಟೋ ವರ್ಷದಿಂದ ಸೇಠ್ ಮೊದಲು ಬರುತ್ತಿದ್ದದ್ದು ಇವರ ಮನೆಗೇ, ಆಮೇಲೆ ಉಳಿದವರ ಮನೆಗೆ. ಈ ಸಲ ಬರುವುದು ತಡವಾಗಿತ್ತು. ಮಾ ಸೆರಗು ಮುಖದ ಮೇಲೆಳೆದುಕೊಂಡು ಚಹಾ ಕಾಸಿದಳು. ಹಂಜಾ ಲೋಟ ತಂದಿಟ್ಟು ಕಂಬದ ಮರೆಗೆ ನಿಂತಳು.

ಸೇಠ್ ಗುಡ್ಡೆಯ ಮೇಲಿಂದ ಒಂದು, ನಡುವಿಂದ ಒಂದು, ಅಡಿಯಿಂದ ಒಂದು ಎಳೆಗೊಂಚಲು ತೆಗೆದ. ಬಿಸಿಲಿಗೆ ಹಿಡಿದ, ಎರಡೂ ತುದಿ ಎಳೆದು ಕಿವಿಯ ಹತ್ತಿರ ತಂದು ಟಿಕ್ ಅನ್ನಿಸಿ ನೋಡಿದ. ಬಾಪೂ ಉಸಿರು ಹಿಡಿದು ಅವನ ಬೆರಳನ್ನೇ ನೋಡುತ್ತಿದ್ದ.

"ಹೆಂಗೈತಿ ಸೇಠ್‌ಜಿ? ಹಾಲು ಕಂಡಂಗ ಕಾಣ್ತೈತಿ ಇಲ್ಲೋ?"

ಸೇಠ್ ಅಡಿಯ ಗೊಂಚಲನ್ನು ತನ್ನ ಬಿಳಿ ಧೋತರದ ಮೇಲೆ ಹರಡಿದ. ಅದರೊಳಗೆ ಒಂದು ಕಪ್ಪು ಎಳೆ, ಹುಬ್ಬಿನಷ್ಟು ಉದ್ದದ್ದು, ಆರಾಮಾಗಿ ಮಲಗಿತ್ತು.

"ವಗತಾ, ಕರಿ ಬಂದೈತಲ್ಲೋ."

"ಕರಿ? ನಮ್ಮ ಉಣ್ಣ್ಯಾಗ?"

"ನೀನ ನೋಡು. ಒಂದು ಸಿಕ್ಕತಂದ್ರ ಒಳಗ ನೂರು ಇರ್ತಾವ. ಕರಿಗೆ ಬಣ್ಣ ಹತ್ತೂದಿಲ್ಲ. ತೆಳು ಬಣ್ಣದ ಜಮಖಾನದಾಗ ಒಂದು ಎಳಿ ಕಂಡ್ರೂ ಹಾಲಿನ್ಯಾಗ ನೊಣ ಬಿದ್ದಂಗ. ನಾ ಏನು ಮಾಡ್ಲಿ ಹೇಳು."

ಆಮೇಲೆ ಅವನು ಹೇಳಿದ ಬೆಲೆ ಹೋದ ಚೈತ್ರದ ಅರ್ಧ. ಬಾಪೂ ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡಿ ಗೊತ್ತೂ ಇರಲಿಲ್ಲ ಅವನಿಗೆ. ಅವನ ಉಣ್ಣೆಯೇ ಮಾತಾಡುತ್ತಿತ್ತು ಇಷ್ಟು ದಿನ. "ನೀವು ಹೇಳಿದಂಗ" ಎಂದು ಎದ್ದು ಹೋದ. ಒಂದಷ್ಟನ್ನು ಜೀಪಿಗೆ ಹೇರಿದರು, ಉಳಿದದ್ದನ್ನು ದೂದಾ ಆಮೇಲೆ ತಲುಪಿಸುವುದೆಂದಾಯಿತು.

ಕಂಬದ ಮರೆಯಲ್ಲಿ ಹಂಜಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಇಷ್ಟು ಕಿತ್ತರೂ ಅದೊಂದು ಎಳೆ ಹೇಗೆ ತಪ್ಪಿತು!

ರಾತ್ರಿಯ ಊಟಕ್ಕೆ ಸಜ್ಜೆ ರೊಟ್ಟಿ, ಸಾಂಗ್ರಿ ಪಲ್ಯ, ಮಜ್ಜಿಗೆ. ಬಾಪೂ ಒಂದೇ ರೊಟ್ಟಿ ತೆಗೆದುಕೊಂಡ, ಅದನ್ನೂ ಮುರಿದು ಮುರಿದು ಇಟ್ಟ. ಬಾಗಿಲಲ್ಲಿ ಅಮರಿಯಾ ಬಂದು ನಿಂತಿತು, ಎಂದಿನಂತೆ ತನ್ನ ಪಾಲಿಗೆ. ಮಾ ಎತ್ತಿಟ್ಟಿದ್ದ ಮೊದಲ ರೊಟ್ಟಿಯನ್ನು ಅದಕ್ಕೆ ಹಾಕಿದಳು.

"ಅದಕ್ಕ ಹಾಕಬ್ಯಾಡ," ಎಂದ ಬಾಪೂ.

"ದಿನಾ ಹಾಕ್ತೀನಿ."

"ದಿನಾ ಹಾಕಿದ್ದ ತಿಂದು ನನ್ನ ಮನೀ ಹೆಸರು ತಿಂತು."

"ಹಂಜಾನ ಬಾಪೂ, ದೇವರ ಟಗರಿಗೆ ಹಂಗ ಅನಬಾರದು."

ಖೇತಾ ಇದ್ದಾಗ ಅವಳು ಗಂಡನನ್ನು 'ಖೇತಾನ ಬಾಪೂ' ಎನ್ನುತ್ತಿದ್ದಳು. ಮೂರು ವರ್ಷದಿಂದ 'ಹಂಜಾನ ಬಾಪೂ'. ಆ ಮನೆಯಲ್ಲಿ ಸತ್ತವನ ಹೆಸರು ಆಡಬಹುದಾಗಿದ್ದ ಒಂದೇ ದಾರಿ ಅದಾಗಿತ್ತು, ಅದೂ ಮುಚ್ಚಿಹೋಗಿತ್ತು.

"ನಾ ಒಂದು ಮಾತು ಹೇಳ್ಲೇನ?" ಎಂದ ದೂದಾ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ಭಾಯಿ, ಉಣ್ಣಿ ಬಿಡು. ದೊಡ್ಡ ಮೈಯ ಟಗರು ತರೂಣು. ಮರಿ ತೂಕಕ್ಕ ಮಾರೂಣು. ಈಗ ಯಾರು ಉಣ್ಣಿ ನೋಡ್ತಾರ? ಎಲ್ಲಾರೂ ತೊಡಿ ನೋಡ್ತಾರ."

"ನೀ ಉಣ್ಣು. ನಮ್ಮಪ್ಪ ಕಟುಕನ ಮನಿ ಕಟ್ಟಲಿಲ್ಲ."

"ಮಚ್ಚಿ ಮರಿ ಕಟುಕಗ ಕೊಡ್ತಿದ್ದಾಂವ ಯಾರು? ನಾನ?"

ದಾದಿ ತಟ್ಟೆಯ ಮೇಲೆ ಲೋಟ ಕುಟ್ಟಿದಳು. "ಸುಮ್ನ ಉಣ್ರಿ. ಅನ್ನದ ಮುಂದ ಕಟುಕ ಗಿಟುಕ ಅಂತ."

ಮರುದಿನ ಬಾಪೂ ಅಮರಿಯಾದ ಹೊಟ್ಟೆಯ ಕೆಳಗೆ ಹಳೆಯ ಗೋಣಿಯ ಪಟ್ಟಿ ಕಟ್ಟಿದ. ಕುರಿಯ ಮೇಲೆ ಏರದಿರಲೆಂದು ಬೇಡದ ಟಗರಿಗೆಲ್ಲ ಹಾಗೆ ಕಟ್ಟುವುದು ವಾಡಿಕೆ. ಮಧ್ಯಾಹ್ನ ಮಾ ಅದನ್ನು ಬಿಚ್ಚಿ ಒಲೆಗೆ ಹಾಕಿದಳು. ಬಾಪೂ ಮತ್ತೊಂದು ಕಟ್ಟಿದ. ಅದೂ ಒಲೆಗೆ ಹೋಯಿತು. ನಾಲ್ಕೈದು ದಿನ ಹೀಗೇ ನಡೆದು ಮನೆಯಲ್ಲಿ ಗೋಣಿಯೇ ಉಳಿಯಲಿಲ್ಲ. ಅವರಿಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟರು. ಬೇಕಾದದ್ದೆಲ್ಲ ಹಂಜಾಳ ಮೂಲಕ.

"ಹಂಜಾ, ನಿಮ್ಮ ಮಾಗೆ ಹೇಳು, ಮಜ್ಜಿಗಿ ಹುಳಿ ಐತಿ."

"ಹಂಜಾ, ನಿಮ್ಮ ಬಾಪೂಗ ಹೇಳು, ಹುಳಿ ಆಗೂದು ಮಜ್ಜಿಗಿ ಒಂದ ಅಲ್ಲ ಅಂತ."

ಹಂಜಾ ಯಾವುದನ್ನೂ ಯಾರಿಗೂ ಹೇಳುತ್ತಿರಲಿಲ್ಲ. ನಡುವೆ ನಿಂತು ಲೋಟ ಎತ್ತಿಕೊಟ್ಟು ಒಳಗೆ ಹೋಗುತ್ತಿದ್ದಳು. ಅವಳಿಗೆ ದಾದಿಯೊಬ್ಬಳೇ ಒಮ್ಮೆ, ಕಾಲು ಒತ್ತಿಸಿಕೊಳ್ಳುತ್ತ, ಮೆಲ್ಲಗೆ ಅಂದಿದ್ದಳು: "ಸತ್ತ ಮಗಗ ಬೈಯಾಕ ಆಗೂದಿಲ್ಲ ನೋಡು, ಅದಕ್ಕ ನಿಮ್ಮಪ್ಪ ಟಗರಿಗೆ ಬೈತಾನ. ಸತ್ತ ಮಗಗ ಉಣ್ಣಾಕ ಹಾಕಾಕ ಆಗೂದಿಲ್ಲ, ಅದಕ್ಕ ನಿಮ್ಮವ್ವ ಟಗರಿಗೆ ಹಾಕ್ತಾಳ. ಅದು ಪಾಪ, ಎರಡೂ ತಿಂತೈತಿ."

ಗಣಗೌರ ಹಬ್ಬ ಕಳೆಯಿತು. ಹಬ್ಬದ ಮಾರನೆಯ ದಿನ ಬಾಪೂ ಎಲ್ಲರನ್ನೂ ಅಂಗಳಕ್ಕೆ ಕರೆದು ತನ್ನ ತೀರ್ಮಾನ ಹೇಳಿದ. ಅಮರಿಯಾವನ್ನು ಮಾರುವುದಿಲ್ಲ, ಕೊಲ್ಲುವುದಿಲ್ಲ. ನಡೆದರೆ ಎರಡು ದಿನದ ದಾರಿಯಲ್ಲಿ ಭೈರೂನ ದೊಡ್ಡ ಥಾನ ಇದೆ, ಹರಕೆಯ ಟಗರುಗಳೆಲ್ಲ ಅಲ್ಲಿರುತ್ತವೆ, ಅಲ್ಲಿ ಬಿಟ್ಟು ಬರುವುದು. ಭೋಪಾನನ್ನೂ ಕೇಳಿ ಆಗಿತ್ತು. ದೇವರದ್ದನ್ನು ದೇವರ ಮನೆಗೆ ಒಪ್ಪಿಸಿದರೆ ದೋಷವಿಲ್ಲ ಅಂದಿದ್ದನಂತೆ. ವೈಶಾಖದ ಹುಣ್ಣಿಮೆಗೆ ಮೊದಲು ಹೋಗಬೇಕು.

ಮಾ ಜಗಳವಾಡಲಿಲ್ಲ. ಅದೇ ಎಲ್ಲರಿಗೂ ಹೆದರಿಕೆಯಾದದ್ದು. ಎದ್ದು ಹೋಗಿ ಬೀಸುವ ಕಲ್ಲಿನ ಮುಂದೆ ಕೂತಳು. ಆ ಸಂಜೆ ಮನೆಗೆ ಒಂದು ವಾರಕ್ಕಾಗುವಷ್ಟು ಸಜ್ಜೆ ಬೀಸಿದಳು.

ಹಂಜಾ ಬಿ.ಎ. ಪ್ರಮಾಣಪತ್ರ ತರಲು ಬೀಕಾನೇರಿಗೆ ಹೋಗಬೇಕಿತ್ತು. ದೂದಾ ಉಳಿದ ಉಣ್ಣೆಯನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಹೊರಟಾಗ ಅವಳೂ ಮುಂದೆ ಕೂತಳು. ಸೇಠ್‌ನ ಗೋದಾಮಿನಲ್ಲಿ ದೂದಾ ತೂಕದವರ ಜೊತೆ ಚಹಾಕ್ಕೆ ಹೋದ. ಹಂಜಾ ಬಾಗಿಲಲ್ಲಿ ನಿಂತು ನೋಡಿದಳು.

ಅವರ ಉಣ್ಣೆಯನ್ನು ಇಬ್ಬರು ಹಮಾಲರು ಹೊತ್ತು ಒಂದು ದೊಡ್ಡ ಗುಡ್ಡೆಯ ಮೇಲೆ ಸುರಿದರು. ಗುಡ್ಡೆಯಲ್ಲಿ ಎಲ್ಲ ಇತ್ತು. ಮಳೆಗಾಲದ ಬೆವರಿಗೆ ಹಳದಿಯಾದದ್ದು, ಮುಳ್ಳು ತುಂಬಿದ್ದು, ಕಂದು, ಕಪ್ಪು. ಅದರ ಹಿಂದೆಯೇ ಇನ್ನೊಂದು ಗೋಣಿ ಬಂತು. ಗೋಣಿಯ ಬಾಯಿಗೆ ಕಟ್ಟಿದ ಹಸಿರು ದಾರ ನೋಡಿದೊಡನೆ ಗೊತ್ತಾಯಿತು, ಅದು ಪಕ್ಕದ ಢಾಣಿಯ ರೂಪಾರಾಮನ ಮನೆಯದು. ಬಿಳಿ ಉಣ್ಣೆಯಲ್ಲಿ ಬಾಪೂನ ನಂತರದ ಹೆಸರು ರೂಪಾರಾಮನದೇ. ಒಂದು ಕಪ್ಪು ಎಳೆಯಿಲ್ಲ. ಅದನ್ನೂ ಅದೇ ಗುಡ್ಡೆಗೆ ಸುರಿದರು. ಒಬ್ಬ ಹಮಾಲ ಅದರ ಮೇಲೆ ಹತ್ತಿ ನಿಂತು ತುಳಿದ.

"ಏನ್ ನೋಡಾಕತ್ತಿ ಬೇಟಾ?" ಹಿಂದಿನಿಂದ ಸೇಠ್ ಬಂದ. "ಬಾ, ನೆರಳಿಗೆ ಬಾ. ನೀರು ಕುಡಿ."

ಅವಳು ಮತ್ತೆ ಗುಡ್ಡೆಯ ಕಡೆ ನೋಡಿದಳು. ಸೇಠ್‌ಗೆ ಅರ್ಥವಾಯಿತು. ಅವನು ತನ್ನ ಗಾದಿಯ ಮೇಲೆ ಕೂತು ಸ್ವಲ್ಪ ಹೊತ್ತು ಕನ್ನಡಕ ಒರೆಸಿದ.

"ರೂಪಾರಾಮನ ಮನೀ ಉಣ್ಣಿ ನೋಡಿದ್ಯಲ್ಲ. ಬೆಳ್ಳಗ ಬೆಣ್ಣಿ. ನಿಮಗ ಕೊಟ್ಟಷ್ಟ ಕೊಟ್ಟೀನಿ ಅವಗೂ. ನಿಮ್ಮ ಬಾಪೂಗ ಎರಡು ರೂಪಾಯಿ ಜಾಸ್ತೀನ ಕೊಟ್ಟೀನಿ, ಹಳೇ ಋಣಕ್ಕ." ಅವನು ಒಳಕೋಣೆಯ ಕಡೆ ಕೈ ತೋರಿಸಿದ. ಅಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಚೌಕನೆಯ ಮೂಟೆಗಳು ಮಾಡಿನವರೆಗೆ ಇದ್ದವು. "ಅದು ಹಡಗಿನ್ಯಾಗ ಬರತೈತಿ. ತೊಳದು, ಹಿಂಜಿ, ಮೆತ್ತಗ ಮಾಡಿ ಕಳಸ್ತಾರ. ನಮ್ಮದಕ್ಕಿಂತ ಸೋವಿ. ಗಿರಣಿಯವರು ಅದನ್ನ ಕೇಳ್ತಾರ. ಅರ್ಧಾ ಮಂದಿ ಅಂತೂ ಪ್ಲಾಸ್ಟಿಕ್ ನೂಲಿನ ಜಮಖಾನಕ್ಕ ಬಂದಾರ. ನಮ್ಮ ಉಣ್ಣಿ ಈಗ ಹೋಗೂದು ನಮದಾ ಕಂಬಳಿ ಬಡಿಯಾಕ, ಗಾದಿ ತುಂಬಾಕ. ಗಾದಿಯೊಳಗ ಬಿಳಿ ಏನು, ಕರಿ ಏನು?"

ಹಂಜಾಳ ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು.

"ಮೊದಲೆಲ್ಲ ಒಂದು ಕರಿ ಎಳಿಗೆ ಇಡೀ ಗೋಣಿ ವಾಪಸ್ ಕಳಸ್ತಿದ್ದೆ. ಖರೇ. ಈಗ ನಾನ ಎಲ್ಲ ಕೂಡಿಸಿ ತುಳಸ್ತೀನಿ. ನಿಮ್ಮ ಬಾಪೂನ ಮುಂದ ನಿಂತು ಹೆಂಗ ಹೇಳ್ಲಿ? ವಗತಾ, ನಿನ್ನ ಬಿಳಿ ಉಣ್ಣಿ ಯಾರಿಗೂ ಬ್ಯಾಡ ಅಂತ? ಮಗನ್ನ ಕಳಕೊಂಡಾನ, ಉಣ್ಣಿ ಹಿಡಕೊಂಡ ಉಳದಾನ. ಕರಿ ಬಂದೈತಿ ಅಂದ್ರ, ಮುಂದಿನ ಸಲ ತೆಗೀತೀನಿ ಅಂತ ಮನಿಗೆ ಹೋಗ್ತಾನ. ಮನಶ್ಯಾಗ ಮುಂದಿನ ಸಲ ಅಂತ ಒಂದು ಬೇಕ ನೋಡು." ಅವನು ಕನ್ನಡಕ ಹಾಕಿಕೊಂಡ. "ನೀ ಓದಿದಾಕಿ, ಅದಕ್ಕ ಹೇಳ್ದೆ. ಮನ್ಯಾಗ ಹೇಳಬ್ಯಾಡ."

ದಾರಿಯುದ್ದಕ್ಕೂ ದೂದಾ ಹಾಡು ಹಾಕಿಕೊಂಡು ಬಂದ. "ಏನ್ ಹಂಜಾಬಾಯಿ, ಪ್ರಮಾಣಪತ್ರ ಸಿಕ್ಕ ಮ್ಯಾಲೂ ಮಾರಿ ಸಪ್ಪಗ? ನಾಪಾಸ್ ಅಂತ ಬರದಾರೇನ?" ಅಂದ. ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಮಾಗೆ ಹೇಳಿದರೆ ಆ ಗಳಿಗೆಯೇ ಅದು ಬಾಪೂನ ಮುಖಕ್ಕೆ ಎಸೆದ ಕಲ್ಲಾಗುತ್ತದೆ. ಬಾಪೂಗೆ ಹೇಳಿದರೆ? ಅದನ್ನು ಯೋಚಿಸಲು ಅವಳಿಗೆ ಧೈರ್ಯ ಬರಲಿಲ್ಲ. ಮನೆ ಮುಟ್ಟುವುದರೊಳಗೆ ಹೇಗೆ ಹೇಳಬೇಕೆಂದು ನಾಲ್ಕು ಬಗೆಯಲ್ಲಿ ಜೋಡಿಸಿಕೊಂಡಿದ್ದಳು.

ಆದರೆ ಮರುದಿನ ಬೆಳಿಗ್ಗೆ ಬಾಪೂ ತಾನೇ ಅವಳನ್ನು ಕೂಗಿದ.

"ಹಂಜಾ, ಬಾ ಇಲ್ಲಿ. ಇದನ್ನ ನೋಡು."

ದೊಡ್ಡಿಯಲ್ಲಿ ಅವನು ಒಂದು ಎಳೆಯ ಕುರಿಯನ್ನು ಮೊಣಕಾಲ ನಡುವೆ ಹಿಡಿದು ಕೂತಿದ್ದ. ಕತ್ತರಿಸಿದ ಮೇಲೆ ಹೊಸದಾಗಿ ಚಿಗುರಿದ್ದ ಉಣ್ಣೆಯನ್ನು ಎರಡೂ ಹೆಬ್ಬೆರಳಿಂದ ಸೀಳಿ ತೋರಿಸಿದ. ಒಳಗೆ ಎಳೆಯ ತೆಂಗಿನ ತಿರುಳಿನಂಥ ಬಿಳುಪು.

"ಒಂದೂ ಕರಿ ಇಲ್ಲ. ನಾ ಎಲ್ಲಾ ಒಂದೊಂದ ಹಿಡದು ನೋಡೀನಿ. ಕರಿ ಇದ್ದಾವು ಇಷ್ಟು ಅದಾವ ನೋಡು, ಆಚೀ ಕಡೆ. ಅವನ್ನ ಬ್ಯಾರೆ ಮಾಡ್ತೀನಿ. ನೋಖಾದ ಕಡೆ ಒಬ್ಬನ ಹಂತ್ಯಾಕ ಚಲೋ ಟಗರು ಐತಂತ, ಹಾಲಿನ ಬಣ್ಣ. ತಂದು ಬಿಟ್ಟರ ಎರಡು ಚೈತ್ರ. ಎರಡ ಚೈತ್ರ ಹಂಜಾ! ಸೇಠ್‌ಜಿ ಮತ್ತ ಮೊದಲು ನಮ್ಮ ಬಾಗಲಿಗೆ ಬರ್ತಾನ."

ಮೂರು ವರ್ಷದಲ್ಲಿ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅಂದು ಅವನು ಮೂರು ರೊಟ್ಟಿ ತಿಂದ, ಮೇಲೆ ಬೆಲ್ಲ ಕೇಳಿದ. "ಮಾಯೀ, ನಿನ್ನ ಹಲ್ಲು ಇದ್ದಿದ್ರ ಈ ಬೆಲ್ಲ ನನಗ ಸಿಗ್ತಿರಲಿಲ್ಲ" ಎಂದು ದಾದಿಯನ್ನು ಕೆಣಕಿದ. ದಾದಿ "ಹಲ್ಲು ಇದ್ದಿದ್ರ ನಿನ್ನನ್ನ ಕಡೀತಿದ್ದೆ" ಅಂದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಜೋಡಿಸಿಕೊಂಡಿದ್ದ ನಾಲ್ಕೂ ಬಗೆಯ ಮಾತು ಬಿಟ್ಟು ಹಂಜಾ ಬಾಪೂನ ತಟ್ಟೆಗೆ ಇನ್ನೊಂದು ತುಣುಕು ಬೆಲ್ಲ ಹಾಕಿದಳು.

ಟಗರಿಗೇನು, ದೇವರ ಥಾನದಲ್ಲಿ ಚೆನ್ನಾಗಿಯೇ ಇದ್ದೀತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಾ ಕೂಡ ಒಂದಲ್ಲ ಒಂದು ದಿನ ಸರಿಹೋದಾಳು.

ಮಾ ಸರಿಹೋಗಲಿಲ್ಲ. ಸಂಜೆಯ ಊಟ ಬಿಟ್ಟಳು. ಯಾರಾದರೂ ಕೇಳಿದರೆ "ಹಸಿವಿಲ್ಲ" ಎನ್ನುತ್ತಿದ್ದಳು. ಹಗಲೆಲ್ಲ ಕೆಲಸ ಮಾಡುತ್ತಿದ್ದಳು: ಗೋಡೆಗೆ ಸಗಣಿ ಸಾರಿಸಿದಳು, ಹಳೆಯ ಹಾಸಿಗೆ ಬಿಚ್ಚಿ ಹೊಲಿದಳು, ಅಮರಿಯಾದ ಗೊರಸಿನ ಸಂದಿಯ ಮಣ್ಣು ತೆಗೆದು ಎಣ್ಣೆ ಹಚ್ಚಿದಳು, ಊರಿಗೆ ಕಳಿಸುವ ಮಗನಿಗೆ ಹಚ್ಚುವ ಹಾಗೆ. ಅದು ಕಣ್ಣು ಮುಚ್ಚಿ ನಿಂತು ಹಚ್ಚಿಸಿಕೊಂಡಿತು. ಒಂದು ದಿನ ಬೀಸುತ್ತ ಬೀಸುತ್ತ, ಕಲ್ಲು ನಿಲ್ಲಿಸದೆಯೇ ಕೇಳಿದಳು:

"ಹಂಜಾ, ನೀ ಬಸ್ಸಿನ್ಯಾಗ ಆ ಕಡೆ ಹೋಗಿದ್ಯಲ್ಲ ಪರೀಕ್ಷೆಗೆ. ಆ ಥಾನದಾಗ ನೆಳ್ಳು ಐತೇನ?"

"ಐತಿ ಮಾ."

"ಗಿಡದ ನೆಳ್ಳೋ, ಮಾಡಿನ ನೆಳ್ಳೋ?"

"ಗಿಡ. ದೊಡ್ಡ ಗಿಡ."

ಅವಳು ಆ ಥಾನವನ್ನು ನೋಡಿಯೇ ಇರಲಿಲ್ಲ.

"ಅದಕ್ಕ ರೊಟ್ಟಿ ಅಂಚು ಅಂದ್ರ ಪ್ರೀತಿ. ನಡುವಿಂದು ತಿನ್ನೂದಿಲ್ಲ. ಖೇತಾ ಹಂಗ…" ಎಂದವಳು ನಿಲ್ಲಿಸಿದಳು. ಕಲ್ಲು ಮಾತ್ರ ತಿರುಗುತ್ತಿತ್ತು. "ಅಲ್ಲಿಯವರಿಗೆ ಯಾರು ಹೇಳ್ತಾರ ಇದನ್ನೆಲ್ಲ?"

ಹಂಜಾ ಎದ್ದು ಹೋಗಿ ನೀರಿನ ಕೊಡ ಎತ್ತಿಕೊಂಡಳು. ಕೊಡ ತುಂಬಿತ್ತು. ಆದರೂ ಎತ್ತಿಕೊಂಡು ಹೊರಗೆ ಹೋದಳು.

ಕೊನೆಗೆ ಆ ಬೆಳಿಗ್ಗೆ ಬಂದೇ ಬಂತು. ದೂದಾ ಪಿಕಪ್ಪನ್ನು ಬೇಲಿಯ ಬಾಗಿಲಿಗೆ ತಂದು ನಿಲ್ಲಿಸಿದ. ಬಾಪೂ ಒಂದು ಹಿಡಿ ಜೋಳ ತೋರಿಸಿ ಅಮರಿಯಾವನ್ನು ಕರೆದ. ಅದು ಜೋಳ ತಿಂದಿತು, ಮುಂದೆ ಬರಲಿಲ್ಲ. ದೂದಾ ಹಿಂದಿನಿಂದ ದೂಡಿದ. ಅದು ಅವನ ತೊಡೆಗೆ ಗುದ್ದಿ ನಾಲ್ಕೂ ಕಾಲೂರಿ ನಿಂತಿತು. ಬಾಪೂ ಮಾಡಿನಿಂದ ಹಗ್ಗ ಇಳಿಸಿ ಅದರ ಕತ್ತಿಗೆ ಹಾಕಿದ.

"ಹಗ್ಗ ಹಾಕಬ್ಯಾಡ," ಎಂದಳು ಮಾ. ಅಡುಗೆಮನೆಯಿಂದ ಹೊರಗೆ ಬಂದಿದ್ದಳು. ಎಷ್ಟೋ ವಾರದ ಮೇಲೆ ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು.

"ಮತ್ತ ಹೆಂಗ ಒಯ್ಲಿ? ಹೆಗಲ ಮ್ಯಾಲೇನ?"

"ಒಯ್ಯಬ್ಯಾಡ."

"ಸುಗನಿ, ಆತು ಅದು. ಮಾತು ಮುಗದೈತಿ."

"ನಿನ್ನ ಮಾತು ಮುಗದೈತಿ. ನಂದು ಯಾವಾಗ ಕೇಳೀದಿ?" ಅವಳು ಬೇಲಿಯ ಬಾಗಿಲಿಗೆ ಅಡ್ಡ ನಿಂತಳು. ದಾದಿ ಹಾಸಿಗೆಯಿಂದಲೇ "ಏ ಸುಗನಿ, ಏ ವಗತಾ" ಎಂದು ಕೂಗತೊಡಗಿದಳು. "ನನ್ನ ಮಗ ಕೈಯಾರೆ ಮ್ಯಾಲ ಕಳಿಸಿದ್ದು ಇದೊಂದ. ತಾ ಬರೂಕಿಂತ ಮೊದಲು ಇದನ್ನ ಕಳಿಸಿದ. ಇದು ಬ್ಯಾಡ ಅಂದ್ರ ಅಂವ ಕಳಿಸಿದ್ದ ಬ್ಯಾಡ ಅಂದಂಗ."

"ಇದರ ಸಲುವಾಗೆ ಹ್ವಾದ ಅಂವ!" ಬಾಪೂನ ದನಿ ಒಡೆಯಿತು. "ಇದನ್ನ ಮರಿ ಇದ್ದಾಗ ಕೊಟ್ಟುಬಿಟ್ಟಿದ್ರ ಅಂವ ಇವತ್ತಿಗೂ… ಇದು ನನ್ನ ಮಗನ್ನ ತಿಂತು. ಈಗ ನನ್ನ ಉಣ್ಣಿ ತಿನ್ನಾಕತ್ತೈತಿ. ಇನ್ನೇನು ಉಳದೈತಿ ನನ್ನ ಹಂತ್ಯಾಕ, ಹೇಳು?"

"ಉಣ್ಣಿ ಉಣ್ಣಿ ಉಣ್ಣಿ! ಒಂದು ಕೂದಲಿನ ಸಲುವಾಗಿ…"

"ಒಂದು ಕೂದಲು ಅಲ್ಲ ಅದು, ಸುಗನಿ. ನಮ್ಮಪ್ಪನ ಹೆಸರು. ಬೆಲೆ ಅರ್ಧ ಆತು, ಯಾಕ ಆತು? ಹೇಳು, ಯಾಕ ಆತು?"

"ನನಗ ಗೊತ್ತಿಲ್ಲ. ಆ ಸೇಠ್ ಏನಂದ್ರೂ ನೀ ನಂಬ್ತಿ."

ಬಾಪೂ ಸುತ್ತ ನೋಡಿದ. ಸಾಕ್ಷಿ ಹುಡುಕುವವನ ಹಾಗೆ. ಅಡುಗೆಮನೆಯ ಬಾಗಿಲಲ್ಲಿ ಹಂಜಾ ಕೈಯೆಲ್ಲ ಸಜ್ಜೆ ಹಿಟ್ಟು ಮಾಡಿಕೊಂಡು ನಿಂತಿದ್ದಳು.

"ಹಂಜಾ. ಬಾ ಇಲ್ಲಿ. ಈ ಮನ್ಯಾಗ ಸುಳ್ಳು ಹೇಳದಾಕಿ ನೀ ಒಬ್ಬಾಕಿ. ನೀ ಗೋದಾಮಿಗೆ ಹೋಗಿದ್ದಿ, ಓದಿದಾಕಿ, ನಿನಗ ತಿಳೀತೈತಿ. ನಿಮ್ಮ ಮಾಗೆ ಹೇಳು, ಬೆಲೆ ಯಾಕ ಬಿತ್ತು."

ಅವಳು ಮುಂದೆ ಬಂದಳು. ಹಗ್ಗ ಹಿಡಿದ ಬಾಪೂನ ಮುಖ ಅವಳ ಕಡೆ ತಿರುಗಿ ನಿಶ್ಚಿಂತವಾಗಿತ್ತು. ಅವಳು ಏನು ಹೇಳುತ್ತಾಳೆಂದು ಅವನಿಗೆ ಗೊತ್ತೇ ಇತ್ತು. ಬೇಲಿಯ ಹತ್ತಿರ ಮಾ ಮಗಳನ್ನು ನೋಡಲೂ ಇಲ್ಲ, ನೆಲ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು.

"ಹೇಳವ್ವಾ," ಎಂದ ಬಾಪೂ. "ಹೆದರಬ್ಯಾಡ."

"ರೂಪಾರಾಮ್ ಕಾಕಾನ ಮನೀ ಉಣ್ಣ್ಯಾಗ ಒಂದೂ ಕರಿ ಎಳಿ ಇರಲಿಲ್ಲ, ಬಾಪೂ," ಎಂದಳು ಹಂಜಾ. ತನ್ನ ದನಿ ಅಷ್ಟು ದೊಡ್ಡದಾಗಿ ಅಂಗಳದಲ್ಲಿ ಕೇಳಿದ್ದಕ್ಕೆ ಅವಳೇ ಬೆಚ್ಚಿದಳು, ಆದರೂ ನಿಲ್ಲಿಸಲಿಲ್ಲ. "ಅವರಿಗೂ ಅಷ್ಟ ಕೊಟ್ಟಾರ. ಎರಡೂ ಒಂದ ಗುಡ್ಡಿಗೆ ಸುರದು ತುಳಿಯಾಕತ್ತಿದ್ರು. ಟಗರಿಂದ ಅಲ್ಲ ಬಾಪೂ. ನಮ್ಮ ಬಿಳಿ ಉಣ್ಣಿ ಈಗ ಯಾರಿಗೂ ಬ್ಯಾಡ."